ಮುತ್ತಜ್ಜನ ಜಾಡಿಗೆ ಯಾವ ಸೇವೆ ವಾಸಿ? ಪಹಣಿ, ಮದುವೆ ಪುಸ್ತಕ, ಪಲ್ಟನ್ನಿನ ಪಟ್ಟಿ

ವಂಶವೃಕ್ಷ ಹುಡುಕಲು ಹೊರಟವರ ಕಣ್ಣಿಗೆ ಮೊದಲು ಬೀಳುವುದು ಪರದೇಶದ ಚಂದಾ ಸೈಟುಗಳು. ಮಂಡ್ಯದ ಕಡೆಯ ಒಬ್ಬ ರೈತನ ಮರಿಮಕ್ಕಳು ಅಲ್ಲಿ ವರ್ಷದ ಚಂದಾ ಕಟ್ಟಿದರೆ ಸಿಗುವುದು ಹೆಚ್ಚುಕಡಿಮೆ ಸೊನ್ನೆ. ಬೆಂಗಳೂರು ದಂಡಿನ ಚರ್ಚಿನಲ್ಲಿ ಮದುವೆಯಾದ ಸಾರ್ಜೆಂಟನ ಮರಿಮಕ್ಕಳಿಗೆ ಅದೇ ಸೈಟು ಒಂದು ಮಧ್ಯಾಹ್ನದಲ್ಲಿ ಮೂರು ತಲೆಮಾರು ತೆಗೆದುಕೊಟ್ಟೀತು. ಹಾಗಾಗಿ ಇಲ್ಲಿ ಒಂದೊಂದು ಸೇವೆಗೂ ಐದಕ್ಕೆ ಇಷ್ಟೆಂದು ಅಂಕ ಕೊಡುವಾಗ ಹುಡುಕುತ್ತಿರುವುದು ಯಾರ ಪೂರ್ವಜನನ್ನು ಎಂದು ಕೇಳಿಕೊಂಡೇ ಕೊಟ್ಟಿದ್ದೇವೆ. ಕಾಲ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಲ್ಲಿಂದ 1947ರವರೆಗೆ.

ಮೊದಲೇ ಹೇಳಬೇಕಾದ ಒಂದು ಮಾತಿದೆ. ಇಂಗ್ಲೆಂಡಿನವರು ಜನಗಣತಿಯ ಹಾಳೆಯಿಂದ ಶುರುಮಾಡುತ್ತಾರೆ. ನಮ್ಮಲ್ಲಿ 1871ರಿಂದಲೂ ಜನಗಣತಿ ನಡೆದಿದೆ, ಆದರೆ ಮನೆಮನೆಯ ಹೆಸರಿನ ಪಟ್ಟಿ ಉಳಿಸಿಲ್ಲ, ಉಳಿದಿರುವುದು ಒಟ್ಟು ಲೆಕ್ಕ. ಹೆಸರಿನಿಂದ ಶುರುಮಾಡಿದರೆ ಇಲ್ಲಿ ದಾರಿ ತಪ್ಪುತ್ತದೆ. ಒಂದೇ ಊರಿನಲ್ಲಿ ಐದು ಜನ ಸಿದ್ದೇಗೌಡರು ಇರುತ್ತಾರೆ, ಸರ್ವೆ ನಂಬರ್ 45 ಮಾತ್ರ ಒಂದೇ. ನೆಲದಿಂದ ಹೊರಡಿ, ಹೆಸರು ಹಿಂದೆ ಬರುತ್ತದೆ.

ಆ ಇಸವಿಯಲ್ಲಿ ನಿಮ್ಮ ತಾಲ್ಲೂಕು ಯಾರದಾಗಿತ್ತು?

ಇದನ್ನು ಗೊತ್ತು ಮಾಡಿಕೊಳ್ಳದೆ ಯಾವ ಸೇವೆಗೂ ಒಂದು ರೂಪಾಯಿ ಖರ್ಚು ಮಾಡಬೇಡಿ. ಹಳೇ ಮೈಸೂರಿನ ಜಿಲ್ಲೆಗಳು 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದವು, ಆಮೇಲೆ ಮತ್ತೆ ಒಡೆಯರಿಗೆ ಬಂದವು. ಅಲ್ಲಿನ ಸರ್ಕಾರಿ ಕಡತಗಳು ಕರ್ನಾಟಕ ರಾಜ್ಯ ಪತ್ರಾಗಾರದ ಬೆಂಗಳೂರು ಕೇಂದ್ರ ಮತ್ತು ಮೈಸೂರಿನ ವಿಭಾಗೀಯ ಕಚೇರಿಯಲ್ಲಿವೆ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬಯಿ ಪ್ರಾಂತ್ಯ. ಮೇಲ್ಮಟ್ಟದ ಕಡತಗಳಿಗೆ ಮುಂಬಯಿ ಮತ್ತು ಪುಣೆಯ ಪತ್ರಾಗಾರಗಳನ್ನು ನೋಡಬೇಕು. ದಕ್ಷಿಣ ಕನ್ನಡ, ಬಳ್ಳಾರಿ ಮದರಾಸಿನವು, ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯದು. ಇವಕ್ಕೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರ. ಉತ್ತರ ಕನ್ನಡ 1862ರವರೆಗೆ ಮದರಾಸಿನಲ್ಲಿದ್ದು ಆಮೇಲೆ ಮುಂಬಯಿಗೆ ಹೋಯಿತು. ಕಾರವಾರದ ಕಡೆಯವರು ಎರಡೂ ಊರು ಸುತ್ತಬೇಕಾಗಿ ಬರುವುದು ಇದರಿಂದಲೇ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಕೈಯಲ್ಲಿದ್ದವು. ಅಲ್ಲಿನ ಹಳೇ ಕಾಗದ ಪರ್ಷಿಯನ್‌ನಲ್ಲಿ, ಆಮೇಲಿನದು ಉರ್ದುವಿನಲ್ಲಿದೆ. ಕೊಡಗು 1834ರಿಂದ ನೇರ ಬ್ರಿಟಿಷ್ ಆಡಳಿತ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಬೆಂಗಳೂರಿನಲ್ಲೇ. ಪೇಟೆ ಮೈಸೂರು ಸಂಸ್ಥಾನದ್ದು, ದಂಡು ಬ್ರಿಟಿಷರದ್ದು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದ ಮೇಲೂ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಅಂದರೆ ಈ ದಂಡು, ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಬಳಿಯೇ ಉಳಿದು, 1947ರ ಜುಲೈಯಲ್ಲಷ್ಟೇ ಮೈಸೂರಿಗೆ ಬಂತು. ಶಿವಾಜಿನಗರ, ಹಲಸೂರಿನ ಹಿರಿಯರ ಮನೆ ಕಾಗದ ಹುಡುಕುವವರು ಮೈಸೂರು ಸಂಸ್ಥಾನದ ಕಡತ ಎಷ್ಟು ತಿರುವಿದರೂ ಫಲವಿಲ್ಲ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರ, ಅದರ ‘ಅಭಿಲೇಖ ಪಟಲ’ ಜಾಲತಾಣ, ಲಂಡನ್ನಿನ ಇಂಡಿಯಾ ಆಫೀಸ್ ದಾಖಲೆ, ಇವು ಅವರ ದಾರಿ.

ಅಭಿಲೇಖ ಪಟಲಕ್ಕೆ ಇಲ್ಲೇ ಅಂಕ ಕೊಟ್ಟುಬಿಡುವುದು ಒಳ್ಳೆಯದು: ಐದಕ್ಕೆ ಮೂರೂವರೆ. ನೋಂದಣಿ ಉಚಿತ. ಸ್ಕ್ಯಾನ್ ಆದ ಕಡತವನ್ನು ಮನೆಯಲ್ಲೇ ಕೂತು ಓದಬಹುದು. ಹುಡುಕಾಟ ಸಾಗುವುದು ಕಡತದ ಶೀರ್ಷಿಕೆಯಲ್ಲಿ, ಒಳಗಿನ ಹೆಸರುಗಳಲ್ಲಲ್ಲ. ಹಾಗಾಗಿ ಮುತ್ತಜ್ಜನ ಹೆಸರು ಟೈಪ್ ಮಾಡುವ ಬದಲು ಅವರ ಹುದ್ದೆ, ಊರು, ಇಲಾಖೆ ಹಾಕಿ. ಕಾಗುಣಿತವನ್ನು ಆ ಕಾಲದ ಇಂಗ್ಲಿಷಿನಲ್ಲೇ ಕೊಡಬೇಕು. ಶಿವಮೊಗ್ಗ, ಮಡಿಕೇರಿ, ಚಿಕ್ಕಮಗಳೂರನ್ನು ದೊರೆಗಳು ಬರೆಯುತ್ತಿದ್ದ ಹಾಗೆ ಶಿಮೋಗ, ಮರ್ಕಾರ, ಚಿಕ್‌ಮಗಳೂರ್ ಎಂದು ಹಾಕಿದರೆ ಬಾಗಿಲು ತೆರೆಯುತ್ತದೆ.

ಜಮೀನು: ಭೂಮಿ, ದಿಶಾಂಕ್, ತಾಲ್ಲೂಕು ಅಭಿಲೇಖಾಲಯ

‘ಭೂಮಿ’ ತಂತ್ರಾಂಶದಲ್ಲಿ ಸಿಗುವ ಗಣಕೀಕೃತ ಪಹಣಿ ಸುಮಾರು 2000ದಿಂದ ಈಚಿನದು. ಪೂರ್ವಜ ಹುಡುಕುವವರಿಗೆ ಅದು ಗುರಿಯಲ್ಲ, ಹೊರಡುವ ಮೆಟ್ಟಿಲು. ಇಂದಿನ ಪಹಣಿಯಿಂದ ಸರ್ವೆ ನಂಬರ್, ಹಿಸ್ಸಾ (ಅದರ ಪಾಲಿನ ನಂಬರ್), ಮ್ಯುಟೇಷನ್ (ಖಾತೆ ಬದಲಾವಣೆ) ಸಂಖ್ಯೆ ಬರೆದುಕೊಂಡು ಹಿಂದಕ್ಕೆ ನಡೆಯಬೇಕು. ಅದರ ಹಿಂದೆ 1960ರ ದಶಕದ ಕೊನೆಯಿಂದ ಬಂದ ಕೈಬರಹ ಪಹಣಿ. ಹಳೇ ಮೈಸೂರಿನಲ್ಲಿ ಅದಕ್ಕೂ ಹಿಂದೆ 1920ರ ದಶಕದ ಕೊನೆಯಲ್ಲಿ ಶುರುವಾದ ಆರ್.ಆರ್. ಮತ್ತು ಐ.ಎಲ್., ಅಂದರೆ ರೆಕಾರ್ಡ್ ಆಫ್ ರೈಟ್ಸ್ ಮತ್ತು ಇಂಡೆಕ್ಸ್ ಆಫ್ ಲ್ಯಾಂಡ್ಸ್. ಅದರಾಚೆ 1860ರ ದಶಕದಲ್ಲಿ ಆರಂಭವಾದ ಮೊದಲ ಸರ್ವೆಯ ಹೊಲವಾರು ಪಟ್ಟಿಯಾದ ಖೇತವಾರ್ ಪತ್ರಿಕೆ, ಕಂದಾಯ ನಿಗದಿಯ ಫೈಸಲ್ ಪತ್ರಿಕೆ. ಈ ನಾಲ್ಕು ಮೆಟ್ಟಿಲು ಇಳಿದರೆ ಸಾಮಾನ್ಯವಾಗಿ ನಾಲ್ಕೈದು ತಲೆಮಾರು ಕೈಗೆ ಸಿಕ್ಕುತ್ತದೆ. ಮುಂಬಯಿ ಕರ್ನಾಟಕದಲ್ಲಿ ಹಕ್ಕು ದಾಖಲೆ 1903ರ ಕಾನೂನಿನಿಂದಲೇ ಬಂದದ್ದರಿಂದ ಅಲ್ಲಿನವರಿಗೆ ಕೆಲಸ ಇನ್ನೂ ಸಲೀಸು; ‘ಉತಾರ’ ಮತ್ತು ‘ಡೈರಿ’ ಎಂದು ಕೇಳಿದರೆ ಕಚೇರಿಯವರಿಗೆ ತಕ್ಷಣ ತಿಳಿಯುತ್ತದೆ.

ಊರಿನ ನಂಟು ಕಡಿದು ಎರಡು ತಲೆಮಾರಾದವರಿಗೆ ಸರ್ವೆ ನಂಬರೇ ಗೊತ್ತಿರುವುದಿಲ್ಲ. ಅಂಥವರಿಗೆ ‘ದಿಶಾಂಕ್’ ಆ್ಯಪ್ ಚಿನ್ನ. ಹಳೇ ಮನೆಯ ಹಿತ್ತಿಲಿನಲ್ಲೋ ಊರವರು ತೋರಿಸಿದ ಗದ್ದೆಯ ಬದುವಿನ ಮೇಲೋ ನಿಂತು ತೆರೆದರೆ ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಬದುವಿನ ಮೇಲೆ ನಿಂತಾಗ ಪಕ್ಕದ ನಂಬರ್ ತೋರಿಸುವ ಸಾಧ್ಯತೆ ಇರುವುದರಿಂದ ಹೊಲದ ನಡುವಿಗೆ ಹೋಗಿ ಇನ್ನೊಮ್ಮೆ ನೋಡಿ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಕಂದಾಯ ಗ್ರಾಮ ನಕ್ಷೆ ಪುಕ್ಕಟೆ ಇಳಿಸಿಕೊಳ್ಳಬಹುದು. ಅದನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಿ. ಎರಡಕ್ಕೂ ಐದಕ್ಕೆ ನಾಲ್ಕೂವರೆ.

ಹಳೇ ಕಾಗದಗಳ ಅಸಲಿ ಜಾಗ ತಾಲ್ಲೂಕು ಕಚೇರಿಯ ಅಭಿಲೇಖಾಲಯ. ‘ಭೂ ಸುರಕ್ಷಾ’ ಯೋಜನೆಯಲ್ಲಿ ಈ ಕಾಗದಗಳ ಸ್ಕ್ಯಾನಿಂಗ್ ನಡೆಯುತ್ತಿದೆ. ನಿಮ್ಮ ತಾಲ್ಲೂಕಿನದು ಮುಗಿದಿದ್ದರೆ ದೃಢೀಕೃತ ನಕಲಿಗೆ ಅಲೆದಾಟ ಬಹಳ ಕಡಿಮೆ. ಮುಗಿಯದಿದ್ದರೆ ಹಳೇ ಪದ್ಧತಿಯ ನಕಲು ಅರ್ಜಿಯೇ ಗತಿ. ಅರ್ಜಿ ತಿರಸ್ಕೃತವಾಗಲು ಅಥವಾ ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಬರಲು ದೊಡ್ಡ ಕಾರಣ ಅರ್ಜಿಯೇ. ‘ನಮ್ಮ ಅಜ್ಜನ ಹಳೆಯ ದಾಖಲೆ ಕೊಡಿ’ ಎಂದು ಬರೆದರೆ ಯಾರೂ ಹುಡುಕಲಾರರು. ರೆಜಿಸ್ಟರಿನ ಹೆಸರು, ಗ್ರಾಮ, ಹೋಬಳಿ, ಸರ್ವೆ ನಂಬರ್, ಇಸವಿ ಇಷ್ಟೂ ಇರಬೇಕು, ಒಂದು ಅರ್ಜಿಗೆ ಒಂದೇ ದಾಖಲೆ ಕೇಳಬೇಕು.

ಇನ್ನೊಂದು ಗೊಂದಲ ಎಲ್ಲರಿಗೂ ಆಗುವುದು. ಭೂಮಾಪನ ಇಲಾಖೆಯಲ್ಲಿ ಸಿಗುವ ಮೂಲ ಟಿಪ್ಪಣಿ, ಆಕಾರಬಂದ್ ಇವೆಲ್ಲ ಅಳತೆಯ ಕಾಗದ. ಸರಪಳಿ ಅಳತೆ, ಎಕರೆ, ಗುಂಟೆ, ಖರಾಬು, ಆಕಾರ ಇರುತ್ತವೆ. ವಂಶ ಹುಡುಕುವವರು ಇದಕ್ಕೆ ದುಡ್ಡು ಕಟ್ಟಿ ಬೇಸರಪಟ್ಟುಕೊಳ್ಳುತ್ತಾರೆ. ಹೆಸರು ಬೇಕಾದರೆ ಕಂದಾಯ ಇಲಾಖೆಯ ರೆಜಿಸ್ಟರು ಕೇಳಬೇಕು. ಒಂದು ಕಡೆ ಮಾತ್ರ ಅಳತೆಯ ಕಾಗದ ಕೈಹಿಡಿಯುತ್ತದೆ: ಹಿಸ್ಸಾ ಟಿಪ್ಪಣಿ. ನಂಬರ್ 45 ಯಾವಾಗ 45/1, 45/2, 45/3 ಆಯಿತು ಎಂಬುದೇ ಅಣ್ಣತಮ್ಮಂದಿರು ಯಾವಾಗ ಪಾಲಾದರು ಎಂಬುದಕ್ಕೆ ಉತ್ತರ.

ಮರುಸರ್ವೆಯಲ್ಲಿ ನಂಬರ್ ಬದಲಾದ ಊರುಗಳಲ್ಲಿ ಸರಪಳಿ ಅಲ್ಲೇ ತುಂಡಾಗುತ್ತದೆ. ಹಳೇ ನಂಬರ್ 12 ಇಂದು 87 ಆಗಿರಬಹುದು, ಇಂದಿನ 12 ಯಾರದ್ದೋ ಆಗಿರಬಹುದು. ಹಳೇ ನಂಬರಿಗೂ ಹೊಸ ನಂಬರಿಗೂ ತಾಳೆ ಹಾಕಿದ ಪಟ್ಟಿ ಕೇಳಿ ಪಡೆಯದೆ ಮುಂದೆ ಹೋಗಬೇಡಿ. ಬೇರೊಬ್ಬರ ವಂಶವನ್ನು ತಮ್ಮದೆಂದು ಬರೆದುಕೊಂಡವರಲ್ಲಿ ಬಹುಪಾಲು ಜನ ಬಿದ್ದಿರುವುದು ಈ ಹಳ್ಳಕ್ಕೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ

ಮೈಸೂರು ಸೀಮೆಯ ಹಳೇ ಖಾತೆಯ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: ‘ಇಂಥವಳು ಕೋಂ ಇಂಥವನು ಬಿನ್ ಇಂಥವನು, ಪೌತಿ, ತರಿ, 1-12, ಜೋಡಿ.’ ಬಿನ್ ಅಂದರೆ ಮಗ, ಕೋಂ ಅಂದರೆ ಹೆಂಡತಿ. ಪೌತಿ ಅಂದರೆ ಖಾತೆದಾರ ತೀರಿಕೊಂಡು ವಾರಸುದಾರರಿಗೆ ಖಾತೆ ಆದದ್ದು. ತರಿ ನೀರಾವರಿ, ಖುಷ್ಕಿ ಒಣಭೂಮಿ, ಬಾಗಾಯ್ತು ತೋಟ. 1-12 ಅಂದರೆ ಒಂದು ಎಕರೆ ಹನ್ನೆರಡು ಗುಂಟೆ. ನಲವತ್ತು ಗುಂಟೆಗೆ ಎಕರೆ. ಅದನ್ನು ದಶಮಾಂಶ ಎಂದು ಓದಿ 1.12 ಎಕರೆ ಎಂದು ಬರೆದುಕೊಂಡವರೂ ಇದ್ದಾರೆ. ಜೋಡಿ ಅಂದರೆ ಇನಾಂ ಭೂಮಿಗೆ ಕಟ್ಟುವ ಕಡಿಮೆ ಕಂದಾಯ. ಈ ಒಂದು ಪದ ಕಂಡರೆ ಹುಡುಕಾಟ ಬೇರೆ ದಿಕ್ಕಿಗೆ ತಿರುಗುತ್ತದೆ, ಏಕೆಂದರೆ ಇನಾಂ ಇದ್ದವರ ಮನೆಯ ವಿಚಾರಣೆ ನಡೆದಿರುತ್ತದೆ.

ಮದರಾಸು ಪ್ರಾಂತ್ಯದಲ್ಲಿ 1858ರಿಂದ, ಮೈಸೂರಿನಲ್ಲಿ 1860ರ ದಶಕದಲ್ಲಿ ಇನಾಂ ಕಮಿಷನ್ ಕೂತು ಭೂಮಿ ಯಾರು ಕೊಟ್ಟದ್ದು, ಯಾರಿಗೆ ಕೊಟ್ಟದ್ದು, ಈಗಿನ ಅನುಭವದಾರ ಅವರಿಗೆ ಏನಾಗಬೇಕು ಎಂದು ಕೇಳಿ ಬರೆದುಕೊಂಡಿತು. ಮುಂಬಯಿ ಕಡೆ ಇದಕ್ಕೆ 1852ರ ಕಾನೂನು ಇತ್ತು. ಕುಲಕರ್ಣಿ, ಗೌಡಕಿ ವತನದವರಿಗೆ (ವಂಶಪಾರಂಪರ್ಯ ಹುದ್ದೆಯವರಿಗೆ) 1874ರ ವತನ ಕಾನೂನಿನ ರೆಜಿಸ್ಟರು ಬೇರೆ. ಇನಾಂ ಅಂದ ಕೂಡಲೇ ಅಗ್ರಹಾರ, ಮಠ ಮಾತ್ರ ನೆನೆಯಬೇಡಿ. ತೋಟಿ, ತಳವಾರ, ನೀರಗಂಟಿಗೂ ಚಾಕರಿ ಇನಾಂ ಇತ್ತು. ಬೇರೆ ಯಾವ ಕಾಗದದಲ್ಲೂ ಹೆಸರು ಬಾರದ ಮನೆತನಗಳು ಇಲ್ಲಿ ತಲೆಮಾರುಗಳ ಸಮೇತ ಸಿಗುತ್ತವೆ. ಇನಾಂ ರೆಜಿಸ್ಟರಿಗೆ ಐದಕ್ಕೆ ಐದು, ಇನಾಂ ಇದ್ದವರಿಗೆ ಮಾತ್ರ.

ಇಸವಿ ಓದುವಾಗಲೂ ಎಚ್ಚರ ಬೇಕು. ಮದರಾಸು ಕಾಗದದಲ್ಲಿ ಫಸಲಿ ಎಂಬ ಕಂದಾಯ ವರ್ಷ ಇರುತ್ತದೆ. ಅದಕ್ಕೆ 590 ಕೂಡಿಸಿ. ಫಸಲಿ 1300 ಅಂದರೆ 1890ರ ಜುಲೈನಿಂದ 1891ರ ಜೂನ್. ಶಕ ವರ್ಷಕ್ಕೆ 78 ಕೂಡಿಸಿ. ಬರೀ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷ ಹೆಚ್ಚುಕಡಿಮೆಯಾಗುವ ಅಪಾಯವಿದೆ: ಪ್ರಭವ 1867ರಲ್ಲೂ ಬಂದಿದೆ, 1927ರಲ್ಲೂ ಬಂದಿದೆ. ಸರ್ವೆಗೆ ಮುಂಚಿನ ಕಾಗದದಲ್ಲಿ ಎಕರೆ ಇರುವುದಿಲ್ಲ, ಬಿತ್ತನೆಯ ಲೆಕ್ಕದಲ್ಲಿ ಖಂಡುಗ, ಕೊಳಗ ಇರುತ್ತದೆ. ಒಂದು ಖಂಡುಗಕ್ಕೆ ಇಪ್ಪತ್ತು ಕೊಳಗ. ಅದನ್ನು ಎಕರೆಗೆ ತಿರುಗಿಸಿ ಇದೇ ಹೊಲ ಎಂದು ಸಾಧಿಸಲು ಹೋಗಬೇಡಿ; ಮಣ್ಣು ಬದಲಾದ ಹಾಗೆ ಬಿತ್ತನೆಯೂ ಬದಲಾಗುತ್ತದೆ. ಚಕ್ಕುಬಂದಿ, ಅಂದರೆ ಹೊಲದ ನಾಲ್ಕು ದಿಕ್ಕಿನ ಎಲ್ಲೆ, ನೋಡಿ ತಾಳೆ ಹಾಕಿ.

ಮೈಸೂರು ಸೀಮೆಯಲ್ಲಿ ಒಂದು ಖಾತೆ 1876ರ ಸುತ್ತ ಕಾರಣ ಹೇಳದೆ ಕೈಬದಲಾಗಿದ್ದರೆ ಅದು ಹೆಚ್ಚಾಗಿ ಧಾತು-ಈಶ್ವರ ಬರ, ಅಂದರೆ ಆ ಹೆಸರಿನ ಸಂವತ್ಸರಗಳಲ್ಲಿ ಬಿದ್ದ 1876–78ರ ಕ್ಷಾಮ. ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಸುಮಾರು 50 ಲಕ್ಷ ಇದ್ದದ್ದು 1881ಕ್ಕೆ 42 ಲಕ್ಷಕ್ಕೂ ಕೆಳಗಿಳಿಯಿತು. ಸತ್ತವರು, ಊರು ಬಿಟ್ಟವರು, ಕಂದಾಯ ಕಟ್ಟಲಾರದೆ ಭೂಮಿಗೆ ರಾಜೀನಾಮೆ ಕೊಟ್ಟವರು, ಎಲ್ಲರೂ ಕಾಗದದಲ್ಲಿ ಒಂದೇ ರೀತಿ ಮಾಯವಾಗುತ್ತಾರೆ. ಅಲ್ಲಿ ಅಪ್ಪ-ಮಗ ಎಂದು ಊಹಿಸಿ ಗೆರೆ ಎಳೆಯುವಂತಿಲ್ಲ.

ದಕ್ಷಿಣ ಕನ್ನಡದಲ್ಲಿ ಅಪ್ಪ-ಮಗ ಎಂಬ ಗೆರೆಯೇ ತಪ್ಪಾಗಬಹುದು. ಅಳಿಯಸಂತಾನದ ಮನೆಗಳಲ್ಲಿ ವರ್ಗದ ಜಾಗ, ಅಂದರೆ ಮನೆಯ ಹಿಡುವಳಿ, ಯಜಮಾನನ ಹೆಸರಿನಲ್ಲಿದ್ದು, ಅವನ ನಂತರ ಬರುವ ಹೆಸರು ಮಗನದಲ್ಲ, ಸೋದರಳಿಯನದು. ಅಲ್ಲಿ ಅಮ್ಮನ ಮನೆಯ ಹೆಸರು ಗೊತ್ತಿಲ್ಲದೆ ಕಚೇರಿಗೆ ಹೋಗುವುದು ವ್ಯರ್ಥ. ಕೊಡಗಿನಲ್ಲಿ ಇದಕ್ಕೆ ತದ್ವಿರುದ್ಧವಾದ ಸುಖ: ಒಕ್ಕದ (ಕೂಡುಕುಟುಂಬದ) ಹೆಸರೇ ಮನೆತನದ ಹೆಸರು, ವಂಶಪಾರಂಪರ್ಯದ ಜಮ್ಮಾ ಭೂಮಿ ಒಕ್ಕದ ಹಿರಿಯನಾದ ಪಟ್ಟೆದಾರನ ಹೆಸರಿನಲ್ಲಿ. ಇಡೀ ಕರ್ನಾಟಕದಲ್ಲಿ ಭೂದಾಖಲೆಯಿಂದ ಪೂರ್ವಜ ಹುಡುಕಲು ಇಷ್ಟು ಅನುಕೂಲವಾದ ಜಿಲ್ಲೆ ಇನ್ನೊಂದಿಲ್ಲ.

ನೋಂದಣಿ ಕಚೇರಿ: ಕಾವೇರಿಗಿಂತ ಕಪಾಟು

‘ಕಾವೇರಿ’ ಜಾಲತಾಣದ ಋಣಭಾರ ಪತ್ರ ಜಮೀನು ಕೊಳ್ಳುವವರಿಗೆ ಮಾಡಿದ್ದು. ಅದರ ಆನ್‌ಲೈನ್ ಹುಡುಕಾಟ ಈ ಶತಮಾನದ ಆಚೆ ಹೋಗುವುದಿಲ್ಲ. ನಮ್ಮ ಕೆಲಸಕ್ಕೆ ಐದಕ್ಕೆ ಒಂದು. ಉಪನೋಂದಣಾಧಿಕಾರಿ ಕಚೇರಿಯ ಹಳೇ ಸಂಪುಟಗಳ ಮಾತು ಬೇರೆ. ನೋಂದಣಿ ಕಾನೂನು 1908ರದ್ದಾದರೂ ಅದರ ಹಿಂದಿನ ಕಾನೂನುಗಳು 1860ರ ದಶಕದಿಂದಲೇ ಇದ್ದವು. ಕಚೇರಿಯಲ್ಲಿ ‘ಪುಸ್ತಕ 1’ ಸ್ಥಿರಾಸ್ತಿಯದು, ‘ಪುಸ್ತಕ 3’ ಮರಣಶಾಸನದ್ದು, ‘ಪುಸ್ತಕ 4’ ಇತರೆ ಪತ್ರಗಳದು. ಸೂಚಿ 1 ಹೆಸರಿನ ಮೇಲೆ, ಸೂಚಿ 2 ಆಸ್ತಿಯ ಮೇಲೆ. ಪುಸ್ತಕ 1 ಮತ್ತು ಅದರ ಸೂಚಿಗಳನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಮರಣಶಾಸನದ ನಕಲು ಬರೆದವರು ತೀರಿಕೊಂಡ ಮೇಲೆ ಅರ್ಜಿ ಹಾಕಿದವರಿಗೆ ಸಿಗುತ್ತದೆ. ಪುಸ್ತಕ 4ರ ನಕಲು ಮಾತ್ರ ಪತ್ರದ ಕಕ್ಷಿಗಾರರು, ಅವರ ಮೂಲಕ ಹಕ್ಕು ಹೇಳುವವರಿಗಷ್ಟೇ.

ಕ್ರಯಪತ್ರಕ್ಕಿಂತ ವಿಭಾಗಪತ್ರ ನೂರು ಪಾಲು ಮೇಲು. ಅದರಲ್ಲಿ ಅಣ್ಣತಮ್ಮಂದಿರೆಲ್ಲರ ಹೆಸರು, ಸತ್ತ ಅಣ್ಣನ ಹೆಂಡತಿಯ ಜೀವನಾಂಶ, ಮದುವೆಯಾಗದ ತಂಗಿಯ ಮದುವೆ ಖರ್ಚು ಯಾರ ಪಾಲಿಗೆ ಎಂಬುದು, ದೇವರ ಮನೆಯ ಬೆಳ್ಳಿ ಎಲ್ಲವೂ ಇರುತ್ತದೆ. ಕ್ರಯಪತ್ರವೇ ಸಿಕ್ಕಿದರೆ ನೇರ ಚಕ್ಕುಬಂದಿಗೆ ಹೋಗಿ. ‘ಪೂರ್ವಕ್ಕೆ ನನ್ನ ತಮ್ಮನ ಗದ್ದೆ, ಪಶ್ಚಿಮಕ್ಕೆ ಹಳ್ಳ’ ಎಂಬ ಸಾಲಿನಲ್ಲಿ ಇನ್ನೊಬ್ಬ ಮುತ್ತಜ್ಜ ಸಿಕ್ಕಿಬಿಡುತ್ತಾನೆ. ಕೊನೆಯ ಸಾಕ್ಷಿಗಳನ್ನೂ ಬಿಕ್ಕಲಂ ಹಾಕಿದವರ (ಪತ್ರ ಬರೆದುಕೊಟ್ಟವರ) ಹೆಸರನ್ನೂ ಬಿಡಬೇಡಿ. ಸಾಕ್ಷಿ ಹಾಕುವವರು ಬೀಗರೇ ಆಗಿರುವುದು ಹೆಚ್ಚು. ಪತ್ರವೇ ಇಲ್ಲವೆಂದರೆ ಗಾಬರಿ ಬೇಡ. ಬ್ರಿಟಿಷ್ ಇಂಡಿಯಾದ ಕಾನೂನಿನಲ್ಲಿ ನೂರು ರೂಪಾಯಿಗಿಂತ ಕಡಿಮೆ ಬೆಲೆಯ ಆಸ್ತಿಯ ಮಾರಾಟಕ್ಕೆ ನೋಂದಣಿ ಕಡ್ಡಾಯವಿರಲಿಲ್ಲ, ಆ ಕಾಲದಲ್ಲಿ ನೂರು ರೂಪಾಯಿಯೊಳಗೆ ಎಷ್ಟೋ ಹೊಲಗಳು ಕೈಬದಲಾಗುತ್ತಿದ್ದವು.

ಮದುವೆ: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು

ಹಿಂದೂ ಮದುವೆಗೆ ಆ ಕಾಲದ ಸರ್ಕಾರಿ ಪುಸ್ತಕವೇ ಇಲ್ಲ. ಚಂದಾ ಸೈಟುಗಳ ‘ಭಾರತದ ಮದುವೆ ದಾಖಲೆ’ ಎಂಬ ಸಂಗ್ರಹದಲ್ಲಿ ಇರುವುದು ಚರ್ಚಿನ ಮದುವೆ. ರೈತನ ಮನೆಯ ಮದುವೆ ಸಿಗುವುದು ಮೇಲೆ ಹೇಳಿದ ‘ಕೋಂ’ ಎಂಬ ಒಂದಕ್ಷರದಲ್ಲಿ, ವಿಭಾಗಪತ್ರದಲ್ಲಿ, ಇಲ್ಲವೇ ಹೆಳವರ ಬಾಯಲ್ಲಿ.

ಹೆಳವರನ್ನು ಸೇವೆ ಎಂದು ವಿಮರ್ಶೆ ಮಾಡಬಹುದೇ ಎಂದು ಹುಬ್ಬೇರಿಸುವವರಿಗೆ ಒಂದು ಮಾತು: ದವಸ, ದುಡ್ಡು ಪಡೆದು ಮನೆತನದ ವಂಶಾವಳಿ ಕಾಪಾಡಿಕೊಂಡು ಬಂದವರು ಇವರೇ, ಯಾವ ಸೈಟಿಗಿಂತಲೂ ನೂರಾರು ವರ್ಷ ಮುಂಚಿನಿಂದ. ಒಕ್ಕಲು ಮನೆಗಳು ಅವರಲ್ಲಿ ಹಂಚಿಕೆಯಾಗಿರುತ್ತವೆ. ನಿಮ್ಮ ಮನೆಯ ಹೆಳವರು ಯಾರು ಎಂಬುದನ್ನು ಊರಿನಲ್ಲಿ ಉಳಿದ ದಾಯಾದಿಗಳನ್ನೇ ಕೇಳಬೇಕು. ಮೂಲ ಊರು, ವಲಸೆ, ಗಂಡುಮಕ್ಕಳ ಸಾಲು ಚೆನ್ನಾಗಿ ಸಿಗುತ್ತದೆ. ಇಸವಿ ಸಿಗುವುದಿಲ್ಲ. ಹೊಗಳಿಕೆಯ ಪಾಲನ್ನು ತೆಗೆದಿಟ್ಟು, ಹೆಸರುಗಳ ಸಾಲನ್ನಷ್ಟೇ ಫೈಸಲ್ ಪತ್ರಿಕೆಯ ಜೊತೆ ಹೋಲಿಸಿ. ಎರಡೂ ಕಡೆ ಒಂದೇ ಮೂರು ಹೆಸರು ಒಂದೇ ಕ್ರಮದಲ್ಲಿ ಬಂದರೆ ಅದಕ್ಕಿಂತ ಗಟ್ಟಿ ಪುರಾವೆ ಬೇಡ. ಅಂಕ ನಾಲ್ಕು. ಮುಸಲ್ಮಾನರ ಮನೆಗಳಿಗೆ ಊರ ಕಾಜಿಗಳ ನಿಕಾಹ್ ದಫ್ತರ್ ಇದೇ ಜಾಗದಲ್ಲಿ ನಿಲ್ಲುತ್ತದೆ.

ಇನ್ನು ಚರ್ಚಿನ ಮದುವೆ. ಈಸ್ಟ್ ಇಂಡಿಯಾ ಕಂಪನಿಯ ಪಾದ್ರಿಗಳು ದೀಕ್ಷಾಸ್ನಾನ, ಮದುವೆ, ಹೂಳಿದ ಲೆಕ್ಕದ ಪ್ರತಿಯನ್ನು ಲಂಡನ್ನಿಗೆ ಕಳಿಸಬೇಕಿತ್ತು. ಅದೇ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳ ‘ಎನ್’ ಸರಣಿ: ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಮುಂಬಯಿ. ಬೆಂಗಳೂರು ಮೈಸೂರಿನಲ್ಲಿದ್ದರೂ ಚರ್ಚಿನ ಲೆಕ್ಕಕ್ಕೆ ಮದರಾಸು, ಅಂದರೆ ಎನ್/2. ಧಾರವಾಡ, ಬೆಳಗಾವಿ ದಂಡಿನವು ಎನ್/3. ಮದರಾಸಿನದು 1698ರಿಂದಲೇ ಇದೆ.

ಹುಡುಕುವ ಕ್ರಮ ಇದು. ಮೊದಲು ಫ್ಯಾಮಿಲಿಸರ್ಚ್ ಎಂಬ ಸೈಟು, ಉಚಿತ. ಸೂಚಿಯಲ್ಲಿ ಹೆಸರು, ತಾರೀಖು, ಸ್ಥಳ ಸಿಗುತ್ತದೆ. ಆಮೇಲೆ ಫಿಬಿಸ್, ಅಂದರೆ 1998ರಲ್ಲಿ ಹುಟ್ಟಿದ ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿ. ಸ್ವಯಂಸೇವಕರು ನಕಲು ಮಾಡಿದ ಅದರ ದತ್ತಸಂಚಯದ ಹುಡುಕಾಟವೂ ಪುಕ್ಕಟೆ. ಸಮಾಧಿ, ಪತ್ರಿಕೆ, ಡೈರೆಕ್ಟರಿಗಳ ಹೆಸರೂ ಅಲ್ಲಿವೆ, ದಾಖಲೆ ಓದುವುದನ್ನು ಕಲಿಸುವ ವಿಕಿ ಇದೆ. ಈ ಎರಡರಲ್ಲಿ ಸಂಪುಟ ಮತ್ತು ಪುಟದ ಸಂಖ್ಯೆ ಸಿಕ್ಕ ಮೇಲಷ್ಟೇ ಫೈಂಡ್‌ಮೈಪಾಸ್ಟ್ ಎಂಬ ಚಂದಾ ಸೈಟಿಗೆ ಒಂದು ತಿಂಗಳ ಚಂದಾ ಕಟ್ಟಿ. ಅಲ್ಲಿ ಸಿಗುವುದು ಪುಟದ ಚಿತ್ರ. ದುಡ್ಡು ಕೊಡುವುದು ಅದಕ್ಕೇ. ಸೂಚಿಯಲ್ಲಿ ಬಾರದ ಸಂಗತಿ ಪುಟದಲ್ಲಿರುತ್ತದೆ: ವಯಸ್ಸು, ಹುದ್ದೆ, ವಿಧವೆಯೋ ಕನ್ಯೆಯೋ, ಸಾಕ್ಷಿಗಳು, ಹತ್ತೊಂಬತ್ತನೇ ಶತಮಾನದ ನಡುವಿನಿಂದೀಚೆಗೆ ಸಾಮಾನ್ಯವಾಗಿ ಅಪ್ಪನ ಹೆಸರೂ. ಫ್ಯಾಮಿಲಿಸರ್ಚ್ ನಾಲ್ಕು, ಫಿಬಿಸ್ ನಾಲ್ಕೂವರೆ, ಫೈಂಡ್‌ಮೈಪಾಸ್ಟ್ ಮೂರೂವರೆ. ವರ್ಷದ ಚಂದಾ ಕಟ್ಟುವ ಅಗತ್ಯ ಕಾಣುವುದಿಲ್ಲ. ಬ್ರಿಟಿಷ್ ಲೈಬ್ರರಿಯ ಸ್ವಂತ ಆನ್‌ಲೈನ್ ಸೇವೆಗಳು 2023ರ ಅಕ್ಟೋಬರಿನ ಸೈಬರ್ ದಾಳಿಯಲ್ಲಿ ನೆಲಕಚ್ಚಿ, ಹಂತಹಂತವಾಗಿ ಮತ್ತೆ ಎದ್ದಿವೆ. ಹಳೇ ಕೊಂಡಿಗಳು ತೆರೆಯದಿದ್ದರೆ ದಾಖಲೆಯೇ ಹೋಯಿತೆಂದು ತಿಳಿಯಬೇಡಿ.

ಮದುವೆ ಇದ್ದೂ ಎನ್/2ರಲ್ಲಿ ಇಲ್ಲವೆಂದರೆ ಕಾರಣ ಮೂರರಲ್ಲಿ ಒಂದು. ಪಾದ್ರಿ ಪ್ರತಿ ಕಳಿಸಿರಲಿಕ್ಕಿಲ್ಲ. ಆಗ ಮೂಲ ಪುಸ್ತಕ ಇರುವ ಚರ್ಚನ್ನೇ ಕೇಳಬೇಕು. ಕಥೋಲಿಕರಾಗಿರಬಹುದು; ಅವರ ಪ್ರತಿಗಳು ಲಂಡನ್ನಿಗೆ ಹೋದದ್ದು ತಡವಾಗಿ, ಅದೂ ಅಲ್ಲಲ್ಲಿ. ಮೂರನೆಯದು, ಹುಡುಗಿ ದೇಶೀಯ ಕ್ರೈಸ್ತಳಾಗಿದ್ದು ಹೆಸರು ಬರೀ ‘ಮೇರಿ’ ಎಂದಿರಬಹುದು. ವರನ ಹೆಸರಿನಿಂದ ಹುಡುಕಿ, ವಧುವಿನ ಜಾಗ ಖಾಲಿ ಬಿಡಿ.

ಮಂಗಳೂರು ಕಡೆಯ ಪ್ರೊಟೆಸ್ಟಂಟರಿಗೆ ಬಾಸೆಲ್ ಮಿಷನ್. 1834ರಲ್ಲಿ ಬಂದ ಮಿಷನಿನ ಪತ್ರಾಗಾರ ಸ್ವಿಟ್ಜರ್ಲೆಂಡಿನ ಬಾಸೆಲಿನಲ್ಲಿದೆ. ಫೋಟೊ, ನಕ್ಷೆಗಳನ್ನು ಜಾಲತಾಣದಲ್ಲೇ ನೋಡಬಹುದು. ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಪತ್ರಾಗಾರ ಹತ್ತಿರದ್ದು. ತೊಡಕು ಕುರೆಂಟ್ ಎಂಬ ಹಳೇ ಜರ್ಮನ್ ಕೈಬರಹ. ಇಂದಿನ ಜರ್ಮನ್ ಬಲ್ಲವರಿಗೂ ಅದು ತಟಕ್ಕನೆ ಓದಲಾಗದು. 1914ರ ಯುದ್ಧ ಶುರುವಾಗಿ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟ ಮೇಲೆ ಬಾಸೆಲಿಗೆ ಹೋದ ಪತ್ರಗಳ ಎಳೆ ತೆಳುವಾಗುತ್ತದೆ. ಅಲ್ಲಿಂದ ಮುಂದೆ ಊರ ಸಭೆಯ ಪುಸ್ತಕವೇ ಆಧಾರ. ಕಥೋಲಿಕರ ಇಗರ್ಜಿ ಪುಸ್ತಕಗಳಲ್ಲಿ ಲ್ಯಾಟಿನ್, ಪೋರ್ಚುಗೀಸ್. ಜೋಆನ್ನೆಸ್ ಎಂದಿದ್ದರೆ ಮನೆಯಲ್ಲಿ ಜುವಾಂವ್. ಮದುವೆಯ ಸಾಲಿನ ಪಕ್ಕದಲ್ಲಿ ರಕ್ತಸಂಬಂಧದ ವಿನಾಯ್ತಿ ಎಂಬ ಟಿಪ್ಪಣಿ ಕಂಡರೆ ಹಿಗ್ಗಬೇಕು, ಗಂಡುಹೆಣ್ಣು ಎಷ್ಟನೇ ತಲೆಮಾರಿನಲ್ಲಿ ಸೇರುತ್ತಾರೆ ಎಂಬುದನ್ನು ಪಾದ್ರಿಯೇ ಲೆಕ್ಕಹಾಕಿ ಇಟ್ಟಿರುತ್ತಾರೆ.

ಪಲ್ಟನ್ನು

ಗೋರಾ ಸಿಪಾಯಿಯನ್ನು ಹುಡುಕುವವರು ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಅವನು ಕಂಪನಿಯ ಸೈನ್ಯದವನೋ, ರಾಣಿಯ ಸೈನ್ಯದವನೋ? ಕಂಪನಿಯ ಮದರಾಸು ಸೈನ್ಯದ ಯುರೋಪಿಯನ್ನರ ಹಾಜರಿ ಪಟ್ಟಿ ಬ್ರಿಟಿಷ್ ಲೈಬ್ರರಿಯಲ್ಲಿ, ಎಲ್/ಮಿಲ್/11ರಲ್ಲಿ. ಬೆಂಗಳೂರಿನಲ್ಲಿ ಬಂದು ಬೀಡುಬಿಟ್ಟ ಬ್ರಿಟಿಷ್ ಸೈನ್ಯದ ರೆಜಿಮೆಂಟಿನವನಾದರೆ ಲಂಡನ್ನಿನ ಕ್ಯೂ ಎಂಬಲ್ಲಿನ ನ್ಯಾಷನಲ್ ಆರ್ಕೈವ್ಸ್: ಹಾಜರಿ ಪುಸ್ತಕ ಡಬ್ಲ್ಯೂಒ 12 ಮತ್ತು 16, ನಿವೃತ್ತಿ ಕಾಗದ ಡಬ್ಲ್ಯೂಒ 97. ಒಂದರಲ್ಲಿ ಇರುವವನನ್ನು ಇನ್ನೊಂದರಲ್ಲಿ ಹುಡುಕಿ ತಿಂಗಳುಗಟ್ಟಲೆ ಕಳೆದವರಿಗೆ ಲೆಕ್ಕವಿಲ್ಲ. ಮದುವೆಯ ಪುಟದಲ್ಲಿ ಹುದ್ದೆಯ ಪಕ್ಕ ಬರೆದ ರೆಜಿಮೆಂಟಿನ ಹೆಸರೇ ಇದನ್ನು ಬಗೆಹರಿಸುತ್ತದೆ, ಹಾಗಾಗಿ ಮದುವೆ ಮೊದಲು, ಸೈನ್ಯ ಆಮೇಲೆ.

ನಮ್ಮವರ ವಿಷಯಕ್ಕೆ ಬಂದರೆ ಕಥೆ ಬಡವಾಗುತ್ತದೆ. ಲಂಡನ್ನಿನ ಆ ಹಾಜರಿ ಪಟ್ಟಿಗಳಲ್ಲಿ ದೇಶೀ ಸಿಪಾಯಿಗಳ ಹೆಸರಿಲ್ಲ. ಸುಬೇದಾರ, ಜಮಾದಾರರ ಹೆಸರು ಆರ್ಮಿ ಲಿಸ್ಟುಗಳಲ್ಲಿ ಬರುತ್ತದೆ. 1837ರಲ್ಲಿ ಶುರುವಾದ ಆರ್ಡರ್ ಆಫ್ ಮೆರಿಟ್‌ನಂಥ ಪದಕ ಸಿಕ್ಕಿದ್ದರೆ ಸಿಪಾಯಿಯೂ ಬರುತ್ತಾನೆ. ಉಳಿದವರು ಪಿಂಚಣಿ, ಕೋರ್ಟ್ ಮಾರ್ಷಲ್ ಕಡತಗಳಲ್ಲಿ ಆಕಸ್ಮಿಕವಾಗಿ ಸಿಕ್ಕಬೇಕು. ಕ್ಯೂನ ಮೊದಲ ಮಹಾಯುದ್ಧದ ಪದಕ ಕಾರ್ಡುಗಳಲ್ಲಿ ಬಹುಪಾಲು ಬ್ರಿಟಿಷ್ ಸೈನ್ಯದವರದೇ, ಭಾರತೀಯರದು ಅಲ್ಲಲ್ಲಿ ಮಾತ್ರ. ಖಾಸಗಿ ಸೈಟುಗಳು ‘ಮಿಲಿಟರಿ ರೆಕಾರ್ಡ್ಸ್’ ಎಂದು ತೋರಿಸುವ ರಾಶಿಯಲ್ಲಿ ಕನ್ನಡದ ಸಿಪಾಯಿಗೆ ಐದಕ್ಕೆ ಅರ್ಧ.

ಯುದ್ಧದಲ್ಲಿ ಮಡಿದವರಿಗೆ ಮಾತ್ರ ಒಂದು ಒಳ್ಳೆಯ, ಪುಕ್ಕಟೆ ಸೇವೆ ಇದೆ: ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ. 1914ರ ಆಗಸ್ಟ್ 4ರಿಂದ 1921ರ ಆಗಸ್ಟ್ 31, ಮತ್ತು 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ನಡುವೆ ಸತ್ತವರು ಅದರಲ್ಲಿದ್ದಾರೆ. ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಈಜಿಪ್ಟ್, ಪ್ಯಾಲೆಸ್ಟೈನಿನಲ್ಲಿ ಕಾದಿದವರು. 1918ರ ಸೆಪ್ಟೆಂಬರ್ 23ರಂದು ಹೈಫಾ ಹಿಡಿದಾಗ ಜೋಧಪುರದವರ ಜೊತೆಗಿದ್ದರು. ಆ ರಣರಂಗದಲ್ಲಿ ಮಡಿದ ಭಾರತೀಯರ ಸ್ಮಾರಕ ಸೂಯೆಜ್ ಕಾಲುವೆಯ ಬಾಯಲ್ಲಿ, ಪೋರ್ಟ್ ತೌಫೀಕಿನಲ್ಲಿತ್ತು. ಇಸ್ರೇಲ್–ಈಜಿಪ್ಟ್ ಯುದ್ಧಗಳಲ್ಲಿ ಅದು ಹಾಳಾದ್ದರಿಂದ ಈಗ ಕೈರೋದ ಹೀಲಿಯೊಪೊಲಿಸ್‌ನಲ್ಲಿದೆ. ಮೆಸೊಪೊಟೇಮಿಯಾದಲ್ಲಿ ಸತ್ತವರಿಗೆ ಬಸ್ರಾ ಸ್ಮಾರಕ.

ಹುಡುಕುವಾಗ ಹೆಸರಿನ ಜಾಗ ಖಾಲಿ ಬಿಟ್ಟು ರೆಜಿಮೆಂಟ್ ಹಾಕಿ, ಪಟ್ಟಿ ಇಳಿಸಿಕೊಂಡು, ಒಂದೊಂದೇ ಕಣ್ಣಾಡಿಸಿ. ನಮ್ಮವರಿಗೆ ಒಂದೇ ಹೆಸರಿದ್ದರೆ ಅದು ಉಪನಾಮದ ಕಲಮಿನಲ್ಲಿ ಕೂತಿರುತ್ತದೆ. ‘ಗೌಡ’, ‘ರಾವ್’, ‘ಖಾನ್’ ಎಂದು ಹುಡುಕಿದರೆ ಅರ್ಧ ಜನ ತಪ್ಪುತ್ತಾರೆ, ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆದಿದ್ದಾರೆ. ಕೊನೆಯ ‘ಹೆಚ್ಚಿನ ಮಾಹಿತಿ’ ಸಾಲಿನಲ್ಲಿ ಕೆಲವರಿಗೆ ಅಪ್ಪನ ಹೆಸರು, ಊರು, ತಾಲ್ಲೂಕು ಇರುತ್ತದೆ. ಐದಕ್ಕೆ ನಾಲ್ಕು, ಅದೂ ಆ ಸಾಲಿಗಾಗಿ. ಬದುಕಿ ಮನೆಗೆ ಬಂದ ಲ್ಯಾನ್ಸರ್ ಇಲ್ಲಿಲ್ಲ. ಅವನಿಗೆ ರಾಜ್ಯ ಪತ್ರಾಗಾರದಲ್ಲಿರುವ ಸಂಸ್ಥಾನದ ಸೈನ್ಯದ ಕಡತ, ಬಡ್ತಿ ರಜೆಯ ಸುದ್ದಿಗೆ 1866ರಿಂದ ಅಚ್ಚಾದ ಮೈಸೂರು ಗೆಜೆಟ್. ಸೈನ್ಯ ಬಿಟ್ಟ ಮೇಲೆ ಭೂಮಿಗೆ ದರಖಾಸ್ತು ಹಾಕಿದ್ದರೆ ಆ ಅರ್ಜಿಯಲ್ಲಿ ಪಲ್ಟನ್ನು, ನಂಬರು, ಸೇವೆಯ ವರ್ಷಗಳನ್ನು ಅವನೇ ಬರೆಸಿರುತ್ತಾನೆ.

ಊರಿನ ಹೆಸರು ಇಂಗ್ಲಿಷ್ ಕಾಗುಣಿತದಲ್ಲಿ ಗುರುತೇ ಹತ್ತದಷ್ಟು ಕೆಟ್ಟಿದ್ದರೆ ತಾಲ್ಲೂಕಿನ ಕಂದಾಯ ಗ್ರಾಮಗಳ ಪಟ್ಟಿ ತೆಗೆದು ಗಟ್ಟಿಯಾಗಿ ಓದಿ ನೋಡಿ, ಕಣ್ಣಿಗೆ ಸಿಗದ್ದು ಕಿವಿಗೆ ಸಿಗುತ್ತದೆ. ಊರು ಗೊತ್ತಾದ ಮೇಲೆ ಸೈಟಿಗೆ ದುಡ್ಡು ಸುರಿಯುವುದು ನಿಲ್ಲಿಸಿ. ಗ್ರಾಮ ನಕ್ಷೆ ಇಳಿಸಿಕೊಂಡು, ಆ ಗ್ರಾಮದ ಮೊದಲ ಸರ್ವೆಯ ಖೇತವಾರ್ ಪತ್ರಿಕೆಗೆ ಒಂದು ನಕಲು ಅರ್ಜಿ, ಖಾತೆ ಬದಲಾವಣೆಯ ರೆಜಿಸ್ಟರಿನಲ್ಲಿ 1914ರಿಂದ 1930ರ ನಡುವಿನ ಪೌತಿಗಳಿಗೆ ಇನ್ನೊಂದು ಅರ್ಜಿ ಬರೆಯಿರಿ, ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ.